ಕಾದಂಬರಿಗಾಗಿ ಒಂದು ಪ್ರಶ್ನೆ: ಹಳೆಯ ಮಿಶನ್ ಕಾಲೊನಿಯಲ್ಲಿ ದಿನನಿತ್ಯದ ಭಕ್ತಿ ಹೇಗಿತ್ತು?

ತುಂಗಾತೀರ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ತೀರ್ಥಹಳ್ಳಿ ಕಡೆಯ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಮಾಡುತ್ತೇನೆ. ಮೂರು ವರ್ಷದಿಂದ ಒಂದು ಕಾದಂಬರಿ ಬರೆಯುತ್ತಿದ್ದೇನೆ. ಕಥೆ ನಡೆಯುವುದು ದಯಾಪುರ ಎಂಬ ಕ್ರೈಸ್ತ ಕಾಲೊನಿಯಲ್ಲಿ. ಈ ಊರು ನಾನೇ ಕಟ್ಟಿಕೊಂಡದ್ದು. ಮಂಗಳೂರಿಗೂ ಉಡುಪಿಗೂ ನಡುವೆ ಒಂದು ಹೊಳೆಯ ದಂಡೆಯಲ್ಲಿ ಇಟ್ಟಿದ್ದೇನೆ. ಬಾಸೆಲ್ ಮಿಶನ್ನಿನ ಹಂಚಿನ ಕಾರ್ಖಾನೆ, ಅದರ ಮಗ್ಗುಲಿಗೆ ನಲವತ್ತು ಮನೆ, ಒಂದು ದೇವಾಲಯ, ಒಂದು ಶಾಲೆ. ಕಾಲ 1890ರಿಂದ 1914ರವರೆಗೆ.

ಇತಿಹಾಸ ಓದಿಕೊಂಡಿದ್ದೇನೆ. 1834ರ ಅಕ್ಟೋಬರಿನಲ್ಲಿ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದದ್ದು, 1843ರಲ್ಲಿ ಮೋಗ್ಲಿಂಗರು ‘ಮಂಗಳೂರ ಸಮಾಚಾರ’ ಹೊರಡಿಸಿದ್ದು, 1865ರಲ್ಲಿ ಪ್ಲೆಬ್ಸ್ಟ್ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದದ್ದು, 1894ರಲ್ಲಿ ಕಿಟ್ಟೆಲರ ನಿಘಂಟು ಬಂದದ್ದು, ಇವೆಲ್ಲ ಟಿಪ್ಪಣಿ ಪುಸ್ತಕದಲ್ಲಿವೆ. ಆದರೆ ಬೆಳಗಿನ ಜಾವ ಎದ್ದ ಹೆಂಗಸೊಬ್ಬಳು ಒಲೆ ಹೊತ್ತಿಸುವ ಮೊದಲು ದೇವರಿಗೆ ಏನು ಹೇಳುತ್ತಿದ್ದಳು ಎಂಬುದು ಈ ಟಿಪ್ಪಣಿಗಳಲ್ಲಿ ಎಲ್ಲೂ ಇಲ್ಲ.

ನನ್ನ ಕಥೆಯ ದೇಯಿ ಬಿಲ್ಲವರ ಮನೆಯ ಹುಡುಗಿ, ಎಳೆಯ ವಿಧವೆ. ದಯಾಪುರಕ್ಕೆ ಬಂದು ರೂತ ಆಗುತ್ತಾಳೆ. ಒಂದು ಅಧ್ಯಾಯದಲ್ಲಿ ಅವಳು ಶನಿವಾರ ರಾತ್ರಿ ಪಾದ್ರಿಯ ಬಳಿ ಹೋಗಿ ಮರದ ಜಾಲರಿಯ ಹಿಂದೆ ಕುಳಿತು ಪಾಪ ಹೇಳಿಕೊಳ್ಳುತ್ತಾಳೆ. ಇನ್ನೊಂದರಲ್ಲಿ ಜಪಮಾಲೆ ಹಿಡಿದು ಮರಿಯಮ್ಮನ ಮುಂದೆ ಕೂರುತ್ತಾಳೆ. ಕ್ರಿಸ್ಮಸ್ಸಿಗೆ ನಡುರಾತ್ರಿಯ ಪೂಜೆ. ಓದಿದ ಸ್ನೇಹಿತೆ, ‘ಇದರಲ್ಲಿ ಏನೋ ತಪ್ಪಿದೆ, ಏನೆಂದು ನನಗೆ ಗೊತ್ತಿಲ್ಲ’ ಎಂದಳು. ನಾನು ಹುಟ್ಟಿ ಬೆಳೆದ ಮನೆಯ ಆಚಾರವೇ ಬೇರೆ. ಕಾಣದ ಬದುಕನ್ನು ಕಂಡಂತೆ ಬರೆದು, ಅದನ್ನು ಬದುಕಿದವರ ಮುಂದೆ ತಲೆ ತಗ್ಗಿಸುವುದು ನನಗೆ ಬೇಡ. ತಿಳಿದವರು ದಯವಿಟ್ಟು ಹೇಳಬೇಕು. ಸಣ್ಣ ವಿವರವಾದರೂ ಸರಿ.

ಕಿನ್ನಿಗೋಳಿಯ ಓದುಗ

ಮೇಡಂ, ನಿಮ್ಮ ಸ್ನೇಹಿತೆಗೆ ಅನ್ನಿಸಿದ್ದು ಸರಿ. ನೀವು ಪ್ರೊಟೆಸ್ಟೆಂಟರ ಊರಿನಲ್ಲಿ ನಮ್ಮ ಇಗರ್ಜಿಯನ್ನು ಕಟ್ಟಿಬಿಟ್ಟಿದ್ದೀರಿ. ನಾನು ಕೊಂಕಣಿ ಮಾತನಾಡುವ ಕಥೋಲಿಕ. ಜಪಮಾಲೆ, ಮರಿಯಮ್ಮನ ಪ್ರತಿಮೆ, ಪಾಪನಿವೇದನೆಯ ಪೀಠ, ನಡುರಾತ್ರಿಯ ಬಲಿಪೂಜೆ, ಸೆಪ್ಟೆಂಬರ್ 8ರ ಮೊಂತಿ ಹಬ್ಬದ ಹೊಸ ತೆನೆ, ಇವೆಲ್ಲ ನಮ್ಮವು. ಬಾಸೆಲ್ ಮಿಶನ್ನಿನವರು ಜರ್ಮನಿ ಮತ್ತು ಸ್ವಿಟ್ಜರ್‌ಲೆಂಡಿನ ಪ್ರೊಟೆಸ್ಟೆಂಟರು. ಅವರ ದೇವಾಲಯದಲ್ಲಿ ವಿಗ್ರಹ ಇರುವುದಿಲ್ಲ, ವೇದಿಕೆಯ ಮೇಲೆ ಬೈಬಲ್ ಇರುತ್ತದೆ.

ಶಬ್ದಗಳಲ್ಲೂ ಎಚ್ಚರ ಬೇಕು. ನಾವು ಜ್ಞಾನಸ್ನಾನ ಎನ್ನುತ್ತೇವೆ, ಅವರು ದೀಕ್ಷಾಸ್ನಾನ ಎನ್ನುತ್ತಾರೆ. ನಮಗೆ ಧರ್ಮಗುರು, ಅವರಿಗೆ ಸಭಾಪಾಲಕರು. ನಮ್ಮ ಪರಮಪ್ರಸಾದದ ಜಾಗದಲ್ಲಿ ಅವರಿಗೆ ಕರ್ತನ ಭೋಜನ. ಒಂದೇ ಪೇಟೆಯಲ್ಲಿ ಎರಡು ಗಂಟೆ ಕೇಳಿಸುತ್ತಿದ್ದರೂ ಮನೆಯೊಳಗಿನ ಭಕ್ತಿಯ ಮಾತು ಬೇರೆ ಬೇರೆಯೇ. ಒಳಗಿನದನ್ನು ಅವರ ಕಡೆಯವರೇ ಹೇಳಬೇಕು.

ಹಂಚಿನ ಮನೆ

ತುಂಗಾತೀರ ಅವರಿಗೆ ವಂದನೆಗಳು. ನಿಮ್ಮ ಪ್ರಶ್ನೆಯನ್ನು ಮೊಮ್ಮಗಳು ಓದಿ ಹೇಳಿದಳು. ಎರಡು ದಿನ ಮನಸ್ಸಿನಲ್ಲಿಟ್ಟುಕೊಂಡು ಈಗ ಬರೆಯುತ್ತಿದ್ದೇನೆ. ನನಗೆ ಎಪ್ಪತ್ತೆಂಟು ವರ್ಷ. ಕರಾವಳಿಯ ಒಂದು ಹಂಚಿನ ಕಾರ್ಖಾನೆಯ ಪಕ್ಕದ ಮಿಶನ್ ಮನೆಗಳಲ್ಲಿ ಹುಟ್ಟಿದವಳು. ತಂದೆ ಹಂಚಿನ ಅಚ್ಚು ಒತ್ತುತ್ತಿದ್ದರು, ತಾಯಿ ಹಸಿ ಹಂಚು ಹೊರುತ್ತಿದ್ದರು. ನಾನು ಹೇಳುವುದರಲ್ಲಿ ಅರ್ಧ ಕಂಡದ್ದು, ಅರ್ಧ ಅಜ್ಜಿಯಿಂದ ಕೇಳಿದ್ದು. ಅಜ್ಜಿ ಹುಟ್ಟಿದ್ದು 1890ರ ಸುಮಾರಿಗೆ. ನಿಮ್ಮ ಕಥೆ ಶುರುವಾಗುವ ಹೊತ್ತಿಗೆ ಅವರು ತೊಟ್ಟಿಲಲ್ಲಿದ್ದರು.

ಮೊದಲು ಹೆಸರು. ಕಾಲೊನಿ ಎಂದು ನಾವು ಯಾರೂ ಹೇಳುತ್ತಿರಲಿಲ್ಲ, ಕಂಪೌಂಡು ಎನ್ನುತ್ತಿದ್ದೆವು. ಹೊರಗಿನವರೂ ಹಾಗೆಯೇ ಅನ್ನುತ್ತಿದ್ದರು, ಆದರೆ ಅವರ ಬಾಯಲ್ಲಿ ಆ ಮಾತಿಗೆ ಬೇರೆ ದನಿ ಇರುತ್ತಿತ್ತು. ನಿಮ್ಮ ಪಾತ್ರಗಳು ‘ಕಂಪೌಂಡಿನವರು’ ಎಂದರೆ ಸಾಕು, ಓದುವವರಿಗೆ ಅರ್ಥವಾಗುತ್ತದೆ.

ದಿನ ಶುರುವಾಗುತ್ತಿದ್ದದ್ದು ಗಂಟೆಯಿಂದ. ಎರಡು ಗಂಟೆಗಳಿದ್ದವು, ದೇವಾಲಯದ್ದು ಮತ್ತು ಕಾರ್ಖಾನೆಯದ್ದು. ಅಜ್ಜಿಯ ಕಾಲದಲ್ಲಿ ಕೆಲಸಕ್ಕೆ ಕೈ ಹಚ್ಚುವ ಮೊದಲು ಎಲ್ಲರೂ ಅಂಗಳದಲ್ಲಿ ನಿಲ್ಲಬೇಕಿತ್ತು. ಒಂದು ವಾಕ್ಯ ಓದಿ ಪ್ರಾರ್ಥನೆ ಮಾಡಿದ ಮೇಲೆ ಆವೆಮಣ್ಣು ಮುಟ್ಟುವುದು. ಅದಕ್ಕೂ ಮೊದಲು ಮನೆಯಲ್ಲಿ ಒಂದು ಪ್ರಾರ್ಥನೆ ಮುಗಿದಿರುತ್ತಿತ್ತು. ಚಿಮಿಣಿ ದೀಪದ ಸುತ್ತ ಚಾಪೆ ಹಾಸಿ ಕೂರುವುದು, ಓದು ಬಲ್ಲವರು ಒಂದು ಅಧ್ಯಾಯ ಓದುವುದು, ಬಾರದವರು ಬಾಯಿಪಾಠವಾದ ಕೀರ್ತನೆ ಹೇಳುವುದು. ನಿಮ್ಮ ದೇಯಿಗೆ ದೀಕ್ಷಾಸ್ನಾನ ಕೊಡುವ ಮೊದಲು ಹತ್ತು ಆಜ್ಞೆ, ವಿಶ್ವಾಸಪ್ರಮಾಣ, ಕರ್ತನ ಪ್ರಾರ್ಥನೆ ಕಲಿಸಿರುತ್ತಾರೆ. ಅಕ್ಷರವನ್ನೂ ಕಲಿಸುತ್ತಾರೆ. ಹೆಂಗಸರು ಸ್ಲೇಟು ಹಿಡಿದ ಜಾಗ ಅದು, ಇದನ್ನು ಮರೆಯಬೇಡಿ.

ಭಾಷೆಯ ವಿಷಯ ಒಂದಿದೆ. ಮನೆಯಲ್ಲಿ ನಾವು ತುಳುವರು. ತುಳುವಿನಲ್ಲಿ ಹೊಸ ಒಡಂಬಡಿಕೆ 1847ರಲ್ಲೇ ಕನ್ನಡ ಲಿಪಿಯಲ್ಲಿ ಅಚ್ಚಾಗಿತ್ತು. ಆದರೂ ನನ್ನ ಬಾಲ್ಯದಲ್ಲಿ ಆರಾಧನೆ, ಪ್ರಸಂಗ, ಸಂಗೀತ ಎಲ್ಲ ಹೆಚ್ಚಾಗಿ ಕನ್ನಡದಲ್ಲೇ ನಡೆಯುತ್ತಿದ್ದವು. ಅಜ್ಜಿ ದೇವಾಲಯದಲ್ಲಿ ಪುಸ್ತಕದ ಕನ್ನಡದಲ್ಲಿ ಪ್ರಾರ್ಥಿಸುತ್ತಿದ್ದರು. ಮಗು ಕಾಯಿಲೆ ಬಿದ್ದ ರಾತ್ರಿ ಅದೇ ದೇವರೊಂದಿಗೆ ತುಳುವಿನಲ್ಲಿ ಜಗಳವಾಡುತ್ತಿದ್ದರು. ನಿಮ್ಮ ದೇಯಿಗೂ ಈ ಎರಡು ನಾಲಿಗೆ ಕೊಡಿ.

ಒಲೆ ಹೊತ್ತಿಸುವ ಮೊದಲಿನದು ಕೇಳಿದಿರಿ. ಒಲೆ ಹೊತ್ತಿಸಿದ ಮೇಲಿನದನ್ನು ಹೇಳುತ್ತೇನೆ, ಅದೇ ನನಗೆ ಕಣ್ಣಿಗೆ ಕಟ್ಟಿದ ಹಾಗಿದೆ. ಗಂಜಿಗೆ ಕುಚ್ಚಲಕ್ಕಿ ಅಳೆಯುತ್ತಾರಲ್ಲ, ಆ ಅಳೆದ ಅಕ್ಕಿಯಿಂದಲೇ ಒಂದು ಹಿಡಿ ತೆಗೆದು ಬೇರೆ ಮಡಕೆಗೆ ಹಾಕಬೇಕು. ಅದು ದೇವರ ಹಿಡಿ. ದೊಡ್ಡ ಕಳಸಿಗೆಯಿಂದ ತೆಗೆದರೆ ಅಜ್ಜಿ ಬೈಯುತ್ತಿದ್ದರು. ‘ನಿನ್ನ ಬಟ್ಟಲಿನಿಂದ ಕಡಿಮೆಯಾಗಬೇಕು, ಹಾಗಾದರೆ ಮಾತ್ರ ಕಾಣಿಕೆ’ ಎನ್ನುತ್ತಿದ್ದರು. ಹಿಡಿ ತೆಗೆಯುವಾಗ ತುಟಿ ಅಲುಗುತ್ತಿತ್ತು, ಏನು ಹೇಳುತ್ತಿದ್ದರೋ ನಮಗೆ ಕೇಳಿಸುತ್ತಿರಲಿಲ್ಲ. ಶನಿವಾರ ಆ ಮಡಕೆಯನ್ನು ನಾವು ಮಕ್ಕಳು ಸಭಾಹಿರಿಯರ ಮನೆಗೆ ಒಯ್ಯುತ್ತಿದ್ದೆವು. ಯಾವ ಮನೆಯದು ತುಂಬಿದೆ, ಯಾವುದು ಖಾಲಿ ಎಂದು ಇಣುಕುವುದು ನಮ್ಮ ಕೆಟ್ಟ ಚಾಳಿ. ಮಳೆಗಾಲದಲ್ಲಿ ಹಂಚು ಒಣಗದೆ ಕೆಲಸ ಕಡಿಮೆಯಾದಾಗ ಎಲ್ಲರ ಮಡಕೆಯೂ ಹಗುರ.

ಈಗ ನಿಮ್ಮ ಪಾಪನಿವೇದನೆಯ ಅಧ್ಯಾಯ. ಅದನ್ನು ತೆಗೆಯಿರಿ, ಆದರೆ ಶನಿವಾರ ರಾತ್ರಿಯನ್ನು ಉಳಿಸಿಕೊಳ್ಳಿ. ಕರ್ತನ ಭೋಜನ ಪ್ರತಿ ಭಾನುವಾರ ಇರುತ್ತಿರಲಿಲ್ಲ. ಅಜ್ಜಿಯ ಕಾಲದಲ್ಲಿ ವರ್ಷಕ್ಕೆ ಕೆಲವೇ ಸಲ. ಪಾಲು ತೆಗೆದುಕೊಳ್ಳುವವರು ಮೊದಲೇ ಹೆಸರು ಕೊಡಬೇಕು, ಹಿಂದಿನ ದಿನ ಸಂಜೆ ಸಿದ್ಧತೆಯ ಆರಾಧನೆಗೆ ಬರಬೇಕು. ಅಲ್ಲಿ ಸಭಾಪಾಲಕರು ಒಂದು ಮಾತು ತಪ್ಪದೆ ಹೇಳುತ್ತಿದ್ದರು: ನೆರೆಯವರೊಂದಿಗೆ ಮಾತು ಬಿಟ್ಟವರು ಈ ರಾತ್ರಿಯೇ ಹೋಗಿ ಮಾತನಾಡಿಸಿ, ಇಲ್ಲದಿದ್ದರೆ ನಾಳೆ ಬಟ್ಟಲು ಮುಟ್ಟಬೇಡಿ.

ನಲವತ್ತು ಮನೆ, ಒಂದೇ ಬಾವಿ. ಮಾತು ಬಿಡಲು ಎಷ್ಟು ಕಾರಣ ಬೇಕು ಹೇಳಿ! ನನ್ನ ಮುತ್ತಜ್ಜಿಗೂ ಪಕ್ಕದ ಮನೆಯವಳಿಗೂ ಬಾವಿಯ ಹಗ್ಗದ ವಿಷಯಕ್ಕೆ ಜಗಳವಾಗಿತ್ತು. ಹಗ್ಗ ಒಂದು ನೆಪ. ಮುತ್ತಜ್ಜಿ ಮೂರ್ತೆದಾರರ, ಅಂದರೆ ಸೇಂದಿ ಇಳಿಸುವವರ, ಮನೆಯಿಂದ ಬಂದವರು. ಪಕ್ಕದವಳು ಹುಟ್ಟಿದ ಕೇರಿಯವರನ್ನು ಮುತ್ತಜ್ಜಿಯ ತವರಿನಲ್ಲಿ ಅಂಗಳದ ಒಳಗೂ ಬಿಡುತ್ತಿರಲಿಲ್ಲ. ಅವಳು ಸೇದಿದ ಹಗ್ಗ ಹಿಡಿಯಲು ಮುತ್ತಜ್ಜಿಯ ಕೈ ಹಿಂಜರಿಯಿತು, ಅದನ್ನು ಅವಳು ಕಂಡುಬಿಟ್ಟಳು. ಏಳು ವಾರ ಮಾತಿಲ್ಲ. ಆ ಶನಿವಾರ ರಾತ್ರಿ ಮುತ್ತಜ್ಜಿ ದೀಪ ಹಿಡಿದು ಆಚೆ ಮನೆಯ ಮೆಟ್ಟಿಲವರೆಗೆ ಹೋಗಿ ಮರಳಿ ಬಂದರಂತೆ. ಎರಡನೆಯ ಸಲ ಹೋಗಿ ಬಾಗಿಲ ಹತ್ತಿರ ನಿಂತರಂತೆ. ಒಳಗಿನಿಂದ ‘ಯಾರು?’ ಎಂದಾಗ ಹೆಸರು ಹೇಳಲು ನಾಲಿಗೆ ಏಳಲಿಲ್ಲ. ಬಾಗಿಲು ತೆರೆದ ಪಕ್ಕದವಳು ನೋಡಿ ಏನೂ ಕೇಳದೆ ಒಳಗೆ ಹೋಗಿ ಒಂದು ತಂಬಿಗೆ ನೀರು ತಂದು ಮುಂದಿಟ್ಟಳು. ಮುತ್ತಜ್ಜಿ ಅದನ್ನು ಕುಡಿದರು. ಕ್ಷಮಿಸು ಎಂಬ ಮಾತು ಇಬ್ಬರ ಬಾಯಿಂದಲೂ ಬರಲಿಲ್ಲವಂತೆ. ಅಜ್ಜಿ ಆಗ ಸಣ್ಣ ಹುಡುಗಿ, ತಾಯಿಯ ಸೀರೆ ಹಿಡಿದು ಜೊತೆಗೇ ಇದ್ದರು. ಆ ತಂಬಿಗೆಯ ಬಾಯಿ ಒಂದು ಕಡೆ ತಗ್ಗಾಗಿತ್ತು ಎಂಬುದನ್ನು ಸಾಯುವವರೆಗೂ ಹೇಳುತ್ತಿದ್ದರು.

ಮಾರನೆಯ ದಿನ ದೇವಾಲಯದಲ್ಲಿ ಬಟ್ಟಲು. ಎಲ್ಲರಿಗೂ ಒಂದೇ ಬೆಳ್ಳಿಯ ಬಟ್ಟಲು. ಒಬ್ಬರು ಕುಡಿದ ಮೇಲೆ ಸಭಾಪಾಲಕರು ಬಿಳಿಯ ಬಟ್ಟೆಯಿಂದ ಅಂಚನ್ನು ಒರೆಸಿ, ಬಟ್ಟಲನ್ನು ಎರಡು ಬೆರಳಿನಷ್ಟು ತಿರುಗಿಸಿ ಮುಂದಿನವರ ತುಟಿಗೆ ಹಿಡಿಯುತ್ತಾರೆ. ಮುತ್ತಜ್ಜಿ ದೀಕ್ಷಾಸ್ನಾನವಾದ ಮೇಲೆ ಮೊದಲ ಎರಡು ಸಲ ತುಟಿ ತಾಗಿಸಿ ಕುಡಿದಂತೆ ಮಾಡಿದ್ದರಂತೆ, ಗಂಟಲಿಗೆ ಇಳಿಸಿರಲಿಲ್ಲ. ಜಾತಿ ಬಿಟ್ಟೆ ಎಂದು ಸಭೆಯ ಮುಂದೆ ಹೇಳಿಯಾಗಿತ್ತು, ಗಂಟಲು ಇನ್ನೂ ಬಿಟ್ಟಿರಲಿಲ್ಲ. ತಂಬಿಗೆಯ ನೀರು ಕುಡಿದ ಮಾರನೆಯ ದಿನವೇ ಅವರು ಮೊದಲ ಬಾರಿಗೆ ನುಂಗಿದ್ದು. ಇದನ್ನು ಅವರೇ ಮಗಳಿಗೆ ಹೇಳಿದ್ದು.

ಮಿಶನ್ನಿನವರು ಜಾತಿಯ ವಿಷಯದಲ್ಲಿ ಕಟ್ಟುನಿಟ್ಟು. ಸಾರಸ್ವತ ಬ್ರಾಹ್ಮಣರ ಮನೆಯ ಆನಂದರಾವ್ ಕೌಂಡಿನ್ಯರು 1844ರಲ್ಲಿ ದೀಕ್ಷಾಸ್ನಾನ ಪಡೆದು, ಬಾಸೆಲಿಗೆ ಹೋಗಿ ಓದಿ, ಇಲ್ಲಿಗೆ ಮರಳಿ ಸೇವೆ ಮಾಡಿದವರು. ಅವರ ಹೆಸರನ್ನು ನಮ್ಮ ಹಿರಿಯರು ಆದರದಿಂದ ಹೇಳುತ್ತಿದ್ದರು. ಆದರೆ ಕಟ್ಟಳೆ ಒಂದು ದಿನದಲ್ಲಿ ಬರುತ್ತದೆ, ಮನಸ್ಸು ಬಾವಿಯ ಹಗ್ಗದ ಹತ್ತಿರ ನಿಂತಿರುತ್ತದೆ. ನಿಮ್ಮ ದೇಯಿ ಶನಿವಾರ ರಾತ್ರಿ ಪಾದ್ರಿಯ ಬಂಗಲೆಗೆ ಹೋಗುವುದು ಬೇಡ. ಪಕ್ಕದ ಮನೆಗೆ ಹೋಗಲಿ.

ಕೊಡಗಿನ ಕಾಡಂಚು

ಹಂಚಿನ ಮನೆಯ ಅಮ್ಮ ಬರೆದದ್ದನ್ನು ಮನೆಯಲ್ಲಿ ಎಲ್ಲರಿಗೂ ಓದಿ ಹೇಳಿದೆ. ನಮ್ಮ ಕಡೆಯದನ್ನು ಸ್ವಲ್ಪ ಸೇರಿಸುತ್ತೇನೆ.

ಕಾರ್ಖಾನೆಯಿಲ್ಲದ ಕಾಲೊನಿಯೂ ಇತ್ತು. ಮೋಗ್ಲಿಂಗರು 1850ರ ದಶಕದಲ್ಲಿ ಕೊಡಗಿಗೆ ಬಂದ ಮೇಲೆ ಸಿದ್ದಾಪುರದ ಕಡೆ ಆನಂದಪುರ ಹುಟ್ಟಿತು. ಅಲ್ಲಿ ನೆಲೆಯಾದವರು ಬಹುಪಾಲು ಹೊಲೆಯರು, ತಲೆಮಾರುಗಳಿಂದ ಒಡೆಯರ ಹೊಲದಲ್ಲಿ ದುಡಿದವರು. ಅವರಿಗೆ ಹೊಸ ದೇವರ ಜೊತೆಗೆ ಹೊಸ ನೆಲ ಬೇಕಿತ್ತು. ಕಾಡು ಕಡಿದು ಮನೆ ಕಟ್ಟಿಕೊಂಡರು, ಕಾಫಿ ಬೆಳೆದರು. ಹೀಗಾಗಿ ಅಲ್ಲಿಯ ಭಕ್ತಿಯಲ್ಲಿ ನೆಲದ ಪಾಲು ದೊಡ್ಡದು. ನನ್ನ ತಂದೆ ಪ್ರಾರ್ಥನೆ ಶುರುಮಾಡುವಾಗ ಮೊದಲು ನೆನೆಯುತ್ತಿದ್ದದ್ದು, ‘ಕಾಲಿಡಲು ಜಾಗ ಕೊಟ್ಟ ತಂದೆಯೇ’ ಎಂದು. ಯಾರೂ ಬರೆದುಕೊಟ್ಟ ಪ್ರಾರ್ಥನೆಯಲ್ಲ ಅದು.

ಬೆಳೆಯ ಹಬ್ಬವನ್ನು ನಿಮ್ಮ ಕಾದಂಬರಿಯಲ್ಲಿ ಬಿಡಬೇಡಿ. ಮೊದಲ ಫಲವನ್ನು ದೇವಾಲಯಕ್ಕೆ ತರುತ್ತಾರೆ. ಬಾಳೆಗೊನೆ, ಕುಂಬಳಕಾಯಿ, ಭತ್ತ, ಕಾಲು ಕಟ್ಟಿದ ಕೋಳಿ. ಪ್ರಸಂಗದ ನಡುವೆ ಕೋಳಿ ಕೂಗುತ್ತದೆ, ಯಾರೂ ಬೇಸರಪಡುವುದಿಲ್ಲ. ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಏಲಂ. ತಾನೇ ತಂದ ಕುಂಬಳಕಾಯಿಯನ್ನು ತಾನೇ ಹೆಚ್ಚು ಬೆಲೆಗೆ ಕೂಗಿ ಕೊಂಡು ಮನೆಗೆ ಒಯ್ಯುವವರನ್ನು ನಾನು ಕಂಡಿದ್ದೇನೆ. ಹಣವಿಲ್ಲದ ಮುದುಕಿಯೊಬ್ಬಳ ಒಂದು ಹಿಡಿ ಗಾಂಧಾರಿ ಮೆಣಸಿನಕಾಯಿಗೆ ಇಡೀ ಸಭೆ ಬೆಲೆ ಏರಿಸುತ್ತ ಹೋದದ್ದನ್ನೂ ಕಂಡಿದ್ದೇನೆ.

ಕ್ರಿಸ್ಮಸ್ ಮರಕ್ಕೆ ನಮ್ಮಲ್ಲಿ ಗಾಳಿ ಮರದ ಕೊಂಬೆ ಕಡಿದು ತರುತ್ತಿದ್ದರು.

ತುಂಗಾತೀರ

ಅಮ್ಮಾ, ನಿಮ್ಮ ಪತ್ರ ಓದಿ ಎರಡು ಅಧ್ಯಾಯಗಳನ್ನು ಅಳಿಸಿದೆ. ಒಂದಿಷ್ಟೂ ದುಃಖವಾಗಲಿಲ್ಲ. ಕೊಡಗಿನವರಿಗೂ ಕೃತಜ್ಞತೆ.

ಇನ್ನೆರಡು ಕೇಳಬೇಕಾಗಿದೆ. ದೇಯಿಯ ತವರಿನಲ್ಲಿ ಮನೆತನದ ದೈವವಿದೆ, ವರ್ಷಕ್ಕೊಮ್ಮೆ ಕೋಲ ನಡೆಯುತ್ತದೆ. ದಯಾಪುರದಿಂದ ಹೊಳೆ ದಾಟಿದರೆ ಆ ಮನೆ. ಆ ರಾತ್ರಿ ಅವಳು ಏನು ಮಾಡುತ್ತಾಳೆ? ಮತ್ತೊಂದು, ಕೊನೆಯ ಅಧ್ಯಾಯ 1914ರಲ್ಲಿ ಮುಗಿಯುತ್ತದೆ. ಯುದ್ಧ ಶುರುವಾಗಿ ಜರ್ಮನ್ ಮಿಶನರಿಗಳನ್ನು ಸರಕಾರ ಬಂಧನದಲ್ಲಿಟ್ಟಿತು ಎಂದು ಓದಿದ್ದೇನೆ. ಅದರ ನಂತರದ ಭಾನುವಾರ ದೇವಾಲಯದಲ್ಲಿ ಏನಾಯಿತು? ಬಾಗಿಲು ಮುಚ್ಚಿತ್ತೇ?

ಧಾರವಾಡದ ಪೇಟಿ

ಅಮ್ಮನವರು ಉತ್ತರಿಸುವ ಮೊದಲು ಸಂಗೀತದ ಬಗ್ಗೆ ಎರಡು ಮಾತು. ನಾನು ನಲವತ್ತು ವರ್ಷ ದೇವಾಲಯದಲ್ಲಿ ಪೇಟಿ ಬಾರಿಸಿದವನು. ಬಾಸೆಲ್ ಮಿಶನ್ನಿನವರು ನಮ್ಮ ಧಾರವಾಡಕ್ಕೆ 1837ರಲ್ಲಿ, ಹುಬ್ಬಳ್ಳಿಗೆ 1839ರಲ್ಲಿ ಬಂದರು. ಗದಗಿನ ಹತ್ತಿರದ ಮಲಸಮುದ್ರದಲ್ಲೂ ಆ ಕಾಲದಲ್ಲೇ ಕ್ರೈಸ್ತರ ನೆಲೆಯೊಂದನ್ನು ಕಟ್ಟಲು ಹೊರಟಿದ್ದರು.

ಕಂಪೌಂಡಿನ ಆರಾಧನೆಯಲ್ಲಿ ಹಾಡಿಗೆ ‘ಸಂಗೀತ’ ಎನ್ನುತ್ತಾರೆ, ಅದಕ್ಕೊಂದು ಅಂಕಿ ಇರುತ್ತದೆ. ಹೆಚ್ಚಿನವು ಜರ್ಮನ್ ರಾಗಗಳಿಗೆ ಹೊಂದಿಸಿದ ಕನ್ನಡ ಪದಗಳು. ನಾಲ್ಕು ದನಿಗಳಲ್ಲಿ ನಿಧಾನವಾಗಿ ಹಾಡುವುದು. ರಾಗ ಎಳೆಯುವ ಜಾಗದಲ್ಲಿ ಕನ್ನಡದ ಹ್ರಸ್ವ ದೀರ್ಘವಾಗಿಬಿಡುತ್ತದೆ, ಮಕ್ಕಳು ಆ ಉಚ್ಚಾರವನ್ನೇ ಸರಿಯೆಂದು ಕಲಿಯುತ್ತಾರೆ. ಕಿಟ್ಟೆಲರಿಗೆ ಈ ತೊಡಕು ಗೊತ್ತಿತ್ತು. ಅದಕ್ಕಾಗಿಯೇ ಅವರು 1862ರಲ್ಲಿ ಕ್ರಿಸ್ತನ ಚರಿತ್ರೆಯನ್ನು ನಮ್ಮ ಛಂದಸ್ಸಿನಲ್ಲಿ ಕಟ್ಟಿ ಅಚ್ಚು ಹಾಕಿಸಿದರು ಎಂದು ನನ್ನ ಭಾವನೆ. ಆದರೂ ಸಭೆಯ ಬಾಯಲ್ಲಿ ನಿಂತದ್ದು ಜರ್ಮನ್ ರಾಗಗಳೇ. ಸಾವಿನ ಮನೆಯಲ್ಲಿ ಅವು ಎಷ್ಟು ಹೊಂದುತ್ತವೆ ಎಂದು ನಾನು ಹೇಳಬಲ್ಲೆ. ಪೆಟ್ಟಿಗೆ ಹೊತ್ತು ಹೋಗುವಾಗ ನಾಲ್ಕು ದನಿಯ ಸಂಗೀತದ ಜೊತೆ ಹೆಜ್ಜೆ ತಾನಾಗಿ ನಿಧಾನವಾಗುತ್ತದೆ. ನಮ್ಮ ಅಯ್ಯನವರು, ಅಂದರೆ ಸಭಾಪಾಲಕರು, ‘ಹೊರುವವರ ಉಸಿರು ನೋಡಿಕೊಂಡು ಹಾಡಿ’ ಎನ್ನುತ್ತಿದ್ದರು.

ಹಂಚಿನ ಮನೆ

ತಾಯಿ, ಎರಡೂ ಕಷ್ಟದ ಪ್ರಶ್ನೆ ಕೇಳಿದ್ದೀರಿ. ಮೊದಲು ದೈವದ್ದು.

ಮುತ್ತಜ್ಜಿ ಮನೆ ಬಿಟ್ಟು ಬಂದಾಗ ಅವರಿಗೆ ತವರಿನ ಪಾಲು ಸಿಗಲಿಲ್ಲ. ನಮ್ಮದು ಅಳಿಯಸಂತಾನದ ಕುಟುಂಬ, ಆಸ್ತಿ ಹೆಣ್ಣಿನ ಕಡೆಯಿಂದ ಇಳಿಯುತ್ತದೆ. ಧರ್ಮ ಬದಲಿಸಿದರೆ ಹಕ್ಕು ಹೋಗಬಾರದೆಂದು 1850ರಲ್ಲೇ ಕಾನೂನು ಆಗಿತ್ತು. ಆದರೆ ಕೋರ್ಟಿನ ಮೆಟ್ಟಿಲು ಹತ್ತಲು ಹೆಂಗಸಿನ ಹತ್ತಿರ ಏನಿತ್ತು? ಮುತ್ತಜ್ಜಿ ಬದುಕಿರುವಾಗಲೇ ಅಣ್ಣ ತಮ್ಮಂದಿರು ಅವರ ಹೆಸರಿನಲ್ಲಿ ಉತ್ತರಕ್ರಿಯೆ ಮಾಡಿ ಮುಗಿಸಿದರಂತೆ. ತಾನು ಸತ್ತವಳೆಂದು ಬೊಜ್ಜದ ಊಟ ಹಾಕಿದ ಮನೆ ಹೊಳೆಯಾಚೆಗೆ ಕಾಣುತ್ತಿರುತ್ತದೆ. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಕೋಲದ ರಾತ್ರಿಯನ್ನು ಬರೆಯಿರಿ.

ಆ ರಾತ್ರಿ ಕೋಲಕ್ಕೆ ಬಾರಿಸುವ ತೆಂಬರೆ ವಾದ್ಯದ ಸದ್ದು ಹೊಳೆಯ ಮೇಲಿನಿಂದ ನೇರ ಮನೆಯೊಳಗೆ ಬರುತ್ತಿತ್ತು. ಮುತ್ತಜ್ಜಿ ಕಿಟಕಿ ಮುಚ್ಚಿ, ಮಕ್ಕಳನ್ನು ಸುತ್ತ ಕೂರಿಸಿಕೊಂಡು ಇಪ್ಪತ್ಮೂರನೆಯ ಕೀರ್ತನೆಯನ್ನು ಗಟ್ಟಿಯಾಗಿ ಹೇಳಿಸುತ್ತಿದ್ದರು. ‘ಯೆಹೋವನು ನನಗೆ ಕುರುಬನು’ ಎಂದು ಮತ್ತೆ ಮತ್ತೆ. ಅಜ್ಜಿ ಒಂದು ಸಂಗತಿ ಗಮನಿಸಿದ್ದರು. ತಾಯಿಯ ಬಾಯಿ ಕೀರ್ತನೆ ಹೇಳುತ್ತಿದ್ದರೂ ಬೆರಳು ಚಾಪೆಯ ಅಂಚಿನ ಮೇಲೆ ತೆಂಬರೆಯ ಪೆಟ್ಟಿಗೆ ಸರಿಯಾಗಿ ಬಡಿಯುತ್ತಿತ್ತಂತೆ. ಅವರಿಗೆ ಅದು ತಿಳಿಯುತ್ತಿರಲಿಲ್ಲ. ಮಗಳು ಹೇಳಲೂ ಇಲ್ಲ.

ಮುತ್ತಜ್ಜಿಯ ಮಗನೊಬ್ಬ, ನನ್ನ ದೊಡ್ಡಜ್ಜ, ಒಂದು ವರ್ಷ ಹೊಳೆ ದಾಟಿ ಹೋಗಿ ದೂರದಲ್ಲಿ, ತೆಂಗಿನ ಮರದ ಮರೆಯಲ್ಲಿ ನಿಂತು ಕೋಲ ನೋಡಿದ. ಯಾರೋ ಕಂಡು ಸಭಾಹಿರಿಯರಿಗೆ ಹೇಳಿದರು. ಆರು ತಿಂಗಳು ಅವನಿಗೆ ಕರ್ತನ ಭೋಜನ ಇಲ್ಲ. ದೇವಾಲಯದಲ್ಲಿ ಕೊನೆಯ ಸಾಲಿನಲ್ಲಿ ಕೂರಬೇಕು. ಸೇಂದಿ ಕುಡಿದವರಿಗೂ ಹಾಗೆಯೇ. ಈ ಶಿಸ್ತಿನಿಂದ ಎಷ್ಟೋ ಮನೆಗಳು ಕುಡಿತದಿಂದ ಉಳಿದವು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ತಾಯಿಯ ತವರನ್ನು ಒಮ್ಮೆ ನೋಡಬೇಕೆಂದು ಹೋದ ಹದಿನೇಳರ ಹುಡುಗನಿಗೆ ಅದು ಕ್ರೂರವಾಯಿತು. ಆ ಹುಡುಗ ದೊಡ್ಡವನಾದ ಮೇಲೂ ಕೊನೆಯ ಸಾಲಿನಲ್ಲೇ ಕೂರುತ್ತಿದ್ದ, ಯಾರು ಕರೆದರೂ ಮುಂದೆ ಬರಲಿಲ್ಲ. ನಾನು ಅವರನ್ನು ಅಲ್ಲೇ ಕಂಡದ್ದು. ಮಿಶನರಿಗಳು ದೈವಗಳ ಕಥೆ ಹೇಳುವ ತುಳು ಹಾಡುಗಳಾದ ಪಾಡ್ದನಗಳನ್ನು ಬರೆದುಕೊಂಡು ಅಚ್ಚು ಹಾಕಿಸಿದರು, ದೈವದ ಸಾಮಗ್ರಿಗಳನ್ನು ಬಾಸೆಲಿನ ಸಂಗ್ರಹಕ್ಕೆ ಕಳುಹಿಸಿದರು. ಅವರಿಗೆ ಇದ್ದ ಕುತೂಹಲವನ್ನು ನಮ್ಮ ಹುಡುಗನಿಗೆ ಯಾಕೆ ಬಿಟ್ಟುಕೊಡಲಿಲ್ಲ ಎಂದು ನನಗೆ ಈಗಲೂ ಸಂಕಟವಾಗುತ್ತದೆ.

ಇನ್ನು 1914. ಅಜ್ಜಿಗೆ ಆಗ ಇಪ್ಪತ್ತನಾಲ್ಕು, ಕಂಕುಳಲ್ಲಿ ನನ್ನ ತಂದೆ. ದೇವಾಲಯದ ಬಾಗಿಲು ಮುಚ್ಚಲಿಲ್ಲ. ಅದನ್ನು ದಯವಿಟ್ಟು ಸರಿಯಾಗಿ ಬರೆಯಿರಿ. ಹೊರಗಿನವರು ಮಿಶನ್ ಎಂದರೆ ದೊರೆ ಮತ್ತು ದೊರೆಸಾನಿ ಎಂದುಕೊಳ್ಳುತ್ತಾರೆ. ಆ ಹೊತ್ತಿಗೆ ಸಭಾಪಾಲಕರು ನಮ್ಮವರೇ ಇದ್ದರು, ಉಪದೇಶಿಗಳು ನಮ್ಮವರು, ಶಾಲೆಯ ಮೇಷ್ಟ್ರು ನಮ್ಮವರು. ಭಾನುವಾರ ಎಂದಿನಂತೆ ಗಂಟೆ ಹೊಡೆಯಿತು. ಬಂಗಲೆಯವರು ಕೂರುತ್ತಿದ್ದ ಮುಂದಿನ ಬೆಂಚು ಖಾಲಿ. ಯಾರೂ ಅದರಲ್ಲಿ ಕೂರಲಿಲ್ಲ, ಯಾರೂ ಅದರ ಕಡೆ ನೋಡಲೂ ಇಲ್ಲ ಎಂದು ಅಜ್ಜಿ ಹೇಳುತ್ತಿದ್ದರು. ದೇವಾಲಯದಲ್ಲಿ ಬ್ರಿಟಿಷ್ ಚಕ್ರವರ್ತಿಗಾಗಿ ಪ್ರಾರ್ಥನೆ ಮಾಡಬೇಕಿತ್ತು, ಮಾಡಿದರು. ರಾತ್ರಿ ಮನೆಯ ಚಾಪೆಯ ಮೇಲೆ ಅಹಮದ್‌ನಗರದ ಶಿಬಿರದಲ್ಲಿದ್ದ ಮಿಶನರಿಗಳ ಹೆಸರು ಹೇಳಿ ಪ್ರಾರ್ಥಿಸಿದರು. ಸಂಬಳ ಬರುತ್ತದೆಯೋ ಇಲ್ಲವೋ ಎಂಬ ಭಯವೂ ಅದೇ ಪ್ರಾರ್ಥನೆಯಲ್ಲಿ ಇತ್ತು. ಕಾರ್ಖಾನೆಗಳು ಕೊನೆಗೆ 1919ರಲ್ಲಿ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬ್ರಿಟಿಷ್ ಕಂಪನಿಯ ಕೈಗೆ ಹೋದವು. ಅಂಗಳದಲ್ಲಿ ನಿಂತು ವಾಕ್ಯ ಓದುವುದು ಯಾವಾಗ ನಿಂತಿತು ಎಂದು ಕೇಳಿದರೆ ಅಜ್ಜಿ, ‘ಒಂದು ದಿನ ಓದುವವರು ಬರಲಿಲ್ಲ, ನಾವು ಕೆಲಸ ಶುರು ಮಾಡಿದೆವು’ ಎನ್ನುತ್ತಿದ್ದರು, ಅಷ್ಟೇ.

ನಿಮ್ಮ ಕಾದಂಬರಿಗೆ ಕೊನೆ ಬೇಕಿದ್ದರೆ 1914ರ ಡಿಸೆಂಬರ್ 31 ಇದೆ. ವರ್ಷದ ಕೊನೆಯ ರಾತ್ರಿ ಆರಾಧನೆಯಲ್ಲಿ ಆ ವರ್ಷ ತೀರಿಕೊಂಡವರ ಹೆಸರುಗಳನ್ನು ಒಂದೊಂದಾಗಿ ಓದುತ್ತಿದ್ದರು. ಆ ಮನೆಯವರು ಎದ್ದು ನಿಲ್ಲುತ್ತಾರೆ. ನನ್ನ ಬಾಲ್ಯದಲ್ಲಿ ದೀಪಗಳ ಎಣ್ಣೆ ಕಮರುವ ವಾಸನೆ, ನಿದ್ದೆಗಣ್ಣು, ಮತ್ತು ಎದ್ದು ನಿಂತವರ ಸೀರೆಯ ಸರಸರ. ನಮ್ಮ ಮನೆಯ ಸರದಿ ಬಂದ ವರ್ಷ ತಾಯಿ ನನ್ನ ಭುಜ ಹಿಡಿದು ಎಬ್ಬಿಸಿದರು.

ತುಂಗಾತೀರ

ಅಮ್ಮಾ, ಚಾಪೆಯ ಮೇಲೆ ಬಡಿಯುವ ಬೆರಳನ್ನು ನಾನು ಕಥೆಯಲ್ಲಿ ಬಳಸಬಹುದೇ? ನಿಮ್ಮ ಮನೆಯ ವಿಷಯ, ಕೇಳದೆ ಮುಟ್ಟಲಾರೆ. ಇನ್ನೊಂದು ಸಣ್ಣ ಅನುಮಾನ. ಕುಡಿತಕ್ಕೆ ಅಷ್ಟು ನಿಷೇಧವಿದ್ದ ಮೇಲೆ ಬಟ್ಟಲಿನಲ್ಲಿ ಏನಿರುತ್ತಿತ್ತು?

ಹಂಚಿನ ಮನೆ

ಬಳಸಿ. ತಂಬಿಗೆಯನ್ನೂ ಬಳಸಿ. ಹಗ್ಗದ ಜಗಳವನ್ನು ಬರೆಯುವಾಗ ಪಕ್ಕದವಳಿಗೂ ಒಂದು ಹೆಸರು ಕೊಡಿ. ನಮ್ಮ ಮನೆಯಲ್ಲಿ ಅವಳನ್ನು ಯಾವಾಗಲೂ ‘ಪಕ್ಕದವಳು’ ಎಂದೇ ಹೇಳುತ್ತಿದ್ದರು. ಹೆಸರು ಏನೆಂದು ಕೇಳಬೇಕು ಎಂದು ನನಗೆ ಹೊಳೆಯುವ ಹೊತ್ತಿಗೆ ಅಜ್ಜಿ ಇರಲಿಲ್ಲ.

ಬಟ್ಟಲಿನದು ದ್ರಾಕ್ಷಿಯ ರಸ. ನಮ್ಮ ತಾಯಿ ಮಾಡುತ್ತಿದ್ದರು. ಕಪ್ಪು ಒಣದ್ರಾಕ್ಷಿಯನ್ನು ಶುಕ್ರವಾರ ರಾತ್ರಿ ತೊಳೆದು ನೆನೆಹಾಕುವುದು. ಶನಿವಾರ ಬೆಳಿಗ್ಗೆ ಅದೇ ನೀರಿನಲ್ಲಿ ಸಣ್ಣ ಉರಿಯಲ್ಲಿ ಕುದಿಸಿ, ಕೈಯಿಂದ ಹಿಸುಕಿ, ತೆಳುವಾದ ಬಟ್ಟೆಯಲ್ಲಿ ಎರಡು ಸಲ ಸೋಸುವುದು. ಸಕ್ಕರೆ ಹಾಕುವ ಹಾಗಿಲ್ಲ. ಹುಳಿ ಬರುವ ಮೊದಲು ಭಾನುವಾರ ಮುಗಿದಿರಬೇಕು. ಹಿಂಡಿ ಉಳಿದ ಸಿಪ್ಪೆಗೆ ಬೆಲ್ಲ ಹಾಕಿ ಮಕ್ಕಳಿಗೆ ಕೊಡುತ್ತಿದ್ದರು. ತಿನ್ನುವ ಮೊದಲು ಕೈ ತೊಳೆದುಕೊಳ್ಳಿ ಎಂದು ಬೇರೆ ಯಾವ ತಿಂಡಿಗೂ ಅಷ್ಟು ಗಟ್ಟಿಯಾಗಿ ಹೇಳುತ್ತಿರಲಿಲ್ಲ.